ಎರಡು ಮೊಣಕಾಲಿಗೆ ಆಗುವಷ್ಟು ಬರ್ಫ

ಸತ್ತದ್ದು ಗೊತ್ತಾಗಿದ್ದು ವಾಸನಿಯಿಂದ.
ಅಮೋನಿಯಾ, ಅಂದ ದಸ್ತಗೀರ,
ಗಾಡಿಯೊಳಗಿಂದ ನಮ್ಮಿಬ್ಬರನ್ನೂ ಎಳದು ಹೊರಗ ಕುಂದ್ರಿಸಿದ.
ಮೂವತ್ತೆಂಟು ವರ್ಷ ಬಾಳಿದ ಫ್ರಿಜ್ಜು.
ಅದರಾಗ ಹನ್ನೊಂದು ನಮ್ಮ ಕೂಡ.

ಹೊರಸ ಕೊಟ್ಟು ಹೋದ ಗಾಡಿ ಇದು.
ಜರ್ಮನಿಯಾಂವ, ಹೆಸರು ಹೋರ್ಸ್ಟ್, ನಮ್ಮ ನಾಲಿಗಿಗೆ ಹೊರಸ.
ಶಿಯೋಲಿಮ್‌ನಾಗ ಅವನ ಮನಿಗೆ ಫರಸಿ ಹಾಕಿದ್ದಿವಿ.
ಕಡೀ ಕಂತಿಗೆ ಅವನ ಹತ್ತರ ರೊಕ್ಕ ಇರಲಿಲ್ಲ, ಕೀಲಿ ಕೊಟ್ಟ.
ಅಂದಿನಿಂದ ಕೆಲಸ ಎಲ್ಲೋ ಮನಿ ಅಲ್ಲೇ:
ಅಸಗಾಂವದಾಗ ಎರಡು ತಿಂಗಳು, ಸಾಳಗಾಂವದಾಗ ಒಂದು ಮಳಿಗಾಲ.
ಚೋಡಣಕ್ಕ ಫೆರಿ ದಾಟಿ ಹೋದಾಗ
ದಂಡಿ ಮ್ಯಾಲ ರಾತ್ರಿಯೆಲ್ಲ ವಾಲಿ ನಿಂತು
ಮುಂಜಾನೆ ಹಾಲು ಒಡದಿತ್ತು.

ಯಾಕಂದರ ಆ ಫ್ರಿಜ್ಜಿಗೆ ಮೋಟಾರಿಲ್ಲ.
ಹಿಂದ ಒಂದು ನೀಲಿ ಜ್ವಾಲಿ, ಹಣತಿಯಷ್ಟು.
ಬೆಂಕಿ ಹಚ್ಚಿದರ ತಂಪಾಗೋದು. ಹೆಂಗಂತ ಇವತ್ತಿಗೂ ತಿಳಿದಿಲ್ಲ,
ಆದರ ನಲವತ್ತು ವರ್ಷ ಸಂಸಾರ ಮಾಡಿದಾಕಿ, ನಂಬ್ತೇನಿ.
ಒಂದ ಶರತ್ತು: ಮಟ್ಟಸ ನಿಲ್ಲಬೇಕು.
ಎಲ್ಲಿ ಹೋದರೂ ಇವರು ಮೊದಲು ರಸಮಟ್ಟ ತಗೀತಿದ್ದರು,
ಫ್ರಿಜ್ಜಿನ ಮ್ಯಾಲ ಇಟ್ಟು, ಗುಳ್ಳಿ ನಡುವ ಬರೋ ತನಕ
ಗಾಲಿ ಕೆಳಗ ಹಲಗಿ, ಫರಸಿ ಚೂರು.
ಊಟ ಆಮ್ಯಾಲ. ನಾನೂ ಆಮ್ಯಾಲ.

ಮಾಪ್ಸಾಕ್ಕ ಶುಕ್ರವಾರ ಸಂತಿ ದಿನ ಹೋದಿವಿ.
ಗೂಡಿನ ಅಳತಿ ಅಂಗೈಮ್ಯಾಲ ಬರಕೊಂಡಿದ್ದೆ:
ಎತ್ತರ ಎಂಬತ್ತೆರಡು, ಅಗಲ ನಲವತ್ತೊಂಬತ್ತಕ್ಕ ಒಂದು ನೂಲು ಕಮ್ಮಿ.
ಬೆವರಿಗೆ ಅಗಲ ಅಳಿಸಿ ಹೋತು.

ಮುಚ್ಚಿದ ಹೋಟೆಲ್ಲಿನ ಕುಳ್ಳ ಫ್ರಿಜ್ಜು ಸಾಲಾಗಿ ಇಟ್ಟಿದ್ದರು,
ಒಂದರಾಗ ಯಾರದೋ ಅರ್ಧ ನಿಂಬಿಹಣ್ಣು.
ಸೋವಿ. ಸಪ್ಪಳಿಲ್ಲ. ಮೊಸರಿಗೆ ಸಾಕು.
ಬರ್ಫ ಮಾತ್ರ ಕಟ್ಟೂದಿಲ್ಲ.
ಮನ್ಯಾಗ ಇಡೂವಂಥ ಒಂಟಿ ಬಾಗಲದ್ದು ನೋಡಿದಿವಿ.
ಒಂದ ರಾತ್ರಿಗೆ ಬ್ಯಾಟರಿ ಬರಿದು.
'ಕುಡುಕ ಅಳಿಯ ಇದ್ದಂಗ ಅದು,' ಅಂದ ದಸ್ತಗೀರ,
'ಎಷ್ಟು ಸುರಿದರೂ ಸಾಲಂಗಿಲ್ಲ.'
ಹಳೀದರಂಥಾದ್ದ ಹೊಸಾದು ಸಿಗತೈತಂತ, ಹೊರದೇಶದಿಂದ ತರಿಸಬೇಕು.
ಬೆಲಿ ಕೇಳಿ ಇವರು ಪೆನ್ಸಿಲ್ಲು ತಿರುಗಿ ಕಿವಿಗೆ ಸಿಗಿಸಿದರು.

ಕಡೀಕ ಮೀನಿನ ಟೆಂಪೋದಾಂವ ಮಾರಿದ ಪೆಟ್ಟಿಗಿ:
ಹನ್ನೆರಡು ವೋಲ್ಟು, ಮ್ಯಾಲ ಮುಚ್ಚಳ,
ಹೆಂಗ ವಾಲಿದರೂ ನಡೀತೈತಿ, ಕಲ್ಲಿನಂಥ ಬರ್ಫ.
ನಾಕು ಸಲ ತೊಳದಾರಂತ. ಮುಚ್ಚಳ ಎತ್ತಿದರ ಬಾಂಗಡೆ.

ಇವರು ಮೂಗು ಮುಚಗೊಂಡರು.
ನಾನು ಇವರ ಮೊಣಕಾಲು ನೋಡಿದೆ.
ಮಂದಿ ನೆಲಕ್ಕ ಊರಿ ಊರಿ
ಸಂಜಿಗೆ ಗಡಿಗಿ ಹಂಗ ಊದತಾವ.
ಆ ನೆಲದ ಮ್ಯಾಲ ಈಗ ಯಾರ್ಯಾರೋ ನಾಯಿ ಆಡಸ್ತಾರ.
ದಿನಾ ಎರಡು ಚೀಲ ಬರ್ಫ ಬೇಕು, ಎಡಕ್ಕೊಂದು, ಬಲಕ್ಕೊಂದು.
'ಇದನ್ನ ಕಟ್ರಿ' ಅಂದೆ. ರೊಕ್ಕ ನನ್ನ ಭಿಶಿದು.

ಗೂಡಿನಾಗ ಅದು ಕುಂದರಲಿಲ್ಲ, ಆರು ಬೆರಳು ಹೊರಗ.
ಬಾಗಲ ಬಾಜೂಕ ಕಟ್ಟಿ ಹಾಕೀವಿ.
ಖಾಲಿ ಗೂಡಿನಾಗ ಜ್ವಾಳದ ಹಿಟ್ಟು, ಶೇಂಗಾದ ಡಬ್ಬಿ, ನನ್ನ ಎರಡು ಸೀರಿ.
ರಾತ್ರಿ ಅದು ಗುರ್ ಅಂತೈತಿ, ನಿಂದರತೈತಿ, ಮತ್ತ ಗುರ್.
ಜ್ವಾಲಿಗೆ ಸಪ್ಪಳ ಇರಲಿಲ್ಲ.

ನಿನ್ನೆ ಥಿವಿಂ ಇಳಿಜಾರಿನಾಗ ನಿಂತಿವಿ.
ಇವರು ರಸಮಟ್ಟ ತಗದು ಮುಚ್ಚಳದ ಮ್ಯಾಲ ಇಟ್ಟರು,
ಗುಳ್ಳಿ ಮೂಲಿಗೆ ಓಡಿತು.
'ಬಿಡ್ರಿ, ಈಗ ವಾಲಿದರೂ ನಡೀತೈತಿ.'
'ಫ್ರಿಜ್ಜಿಗೆ ನಡೀತೈತಿ,' ಅಂದರು,
ಮೊಣಕಾಲಿಗೆ ಬರ್ಫ ಕಟಗೊಂಡು
ಹಲಗಿ ಹುಡುಕಾಕ ಹತ್ತಿದರು.