ಬೇತ್ ಅಂದ್ರ ಮನಿ

ಗೇಟಿನ ವಹಿಯಾಗ ಹಿಂಗ ಬರದಾರ:
ಜಯವಂತ ಶಾಂತಪ್ಪ, ಹುಮನಾಬಾದ, ಮತ್ತು ಶ್ರೀಮತಿ.
ಆ ಶ್ರೀಮತಿ ನಾ.
ನನ್ನ ಹೆಸರು ಸುವಾರ್ತಾ ಅಂತ ಹೇಳೇ ಹೇಳಿದೆ.
ಕಾವಲಿನ ಮುದುಕ ಕೈ ಮುಗದು “ಸ್ತೋತ್ರ, ತಾಯಿ” ಅಂದು
ಪೆನ್ನಿನ ಟೋಪಿ ಮುಚ್ಚಿದ.

ಬನ್ನಿಮಂಟಪದ ಹಿಂದ
ಲಗ್ನ ಆದವರ ಸಾಲು ಅಂತ ಏಳು ಖೋಲಿ.
ನಮ್ಮದು ಕಡೀದು.
ಮೂರು ಗ್ವಾಡಿ ಗಟ್ಟಿ, ನಾಕನೇದು ಪ್ಲೈವುಡ್ಡು.
ಆಚಿ ಕಡಿ ಕೊಳ್ಳೇಗಾಲದವರು.
ಅವರ ಕೂಸು ಕೆಮ್ಮಿದ್ರ ನಾ ಎದ್ದು ಕೂಡ್ತೀನಿ,
ನಾವು ಜಗಳಾಡಿದ್ರ ಅವರು ರೇಡಿಯೋ ಹಚ್ತಾರ.
ಜಗಳ ಇಲ್ಲದ ರಾತ್ರಿನೂ ಒಮ್ಮೊಮ್ಮೆ ಹಚ್ತಾರ.
ಮರುದಿನ ನಳದ ಹತ್ರ
ಆಕಿ ಮಾರಿ ನಾ ನೋಡಂಗಿಲ್ಲ,
ನನ್ನ ಮಾರಿ ಆಕಿ.

ಮೆಸ್ಸಿನ್ಯಾಗ ಮೊದಲ ದಿನ ಮುದ್ದಿ.
ಇವರು ಕಡದು, ಅಗದು,
ಹಲ್ಲಿಗಿ ಮೆತ್ತಿಕೊಂಡು ಕೂತ್ರು.
“ಅಗೀಬಾರ್ದು ಕಣಣ್ಣ, ನುಂಗ್ಬುಡು!”
ಇಡೀ ಸಾಲು ನಕ್ಕಿತು.
ರಾತ್ರಿ ಗ್ರೀಕಿನ ಪುಸ್ತಕ ತಗದು
ಇವರು ಅಂದ್ರು, ಇದೂ ಹಂಗೇ ಅದ ನೋಡು.

ಗುರುವಾರ ನಮಗ ತರಗತಿ:
ಸಭಾಪಾಲಕರ ಹೆಂಡತಿ ಹೆಂಗಿರಬೇಕು.
ಬಿಸ್ಕೀಟು ಗುಂಡಗ ಜೋಡಿಸಬೇಕು.
ಸತ್ತವರ ಮನಿಗಿ ಹೋಗಬೇಕಾದ್ರ ಬಳಿ ಸಪ್ಪಳಾಗಬಾರದು.
ಒಬ್ಬರ ಗುಟ್ಟು ಇನ್ನೊಬ್ಬರಿಗಿ ಹೇಳಬಾರದು.
“ಮತ್ತ ಅದನ್ನ ಎಲ್ಲಿ ಇಡಬೇಕ್ರಿ, ಮೇಡಂ?”
ಅವರು ಕನ್ನಡಕ ತಗದು ಒರಸಿದ್ರು,
ಒರಸೇ ಒರಸಿದ್ರು.
ಮುಂದಿನ ಗುರುವಾರ ಕ್ರೋಶಾ ಅಂದ್ರು.

ಆನಿ ತಾಲೀಮು ಸುರು ಆಗ್ಯದ ಈಗ.
ಮುಂಜಾನಿ ಅರಮನಿ ಕಡಿಂದ ಬರ್ತಾವ,
ಬೆನ್ನ ಮ್ಯಾಲ ಮರಳಿನ ಮೂಟಿ.
ಮುಂದ ಚಿನ್ನ ಹೊರೋದಕ್ಕ ಈಗ ಮರಳು ಹೊರಬೇಕಂತ.
ನಾ ಕಂಪೌಂಡಿನ ಮ್ಯಾಲ ಗಲ್ಲ ಇಟ್ಟು ನೋಡ್ತೀನಿ.
ಒಳಗ ಇವರು ಗಂಗಾಳ, ಚರಿಗಿ, ಕುಕ್ಕರಿಗಿ
ಪ್ರಸಂಗ ಮಾಡಕತ್ತಾರ.
ಕುಕ್ಕರು ನಡುವೇ ಸೀಟಿ ಹೊಡೀತು.
“ಆಮೆನ್ ಅನ್ಲಿಕತ್ತದ ಬಿಡ್ರಿ” ಅಂದೆ.
ಅವತ್ತು ನಗಲಿಲ್ಲ ಇವರು.

ಇಬ್ರಿಯ ಭಾಷಾದ ಕಿರುಪರೀಕ್ಷಾದಾಗ
ಇಪ್ಪತ್ತೈದಕ್ಕ ನಾಕು ಬಂದಿತ್ತು.
ಬಲದಿಂದ ಎಡಕ್ಕ ಓದಬೇಕು,
ಇವರ ಕಣ್ಣು ಎಡಕ್ಕೇ ಹೋಗಿ ನಿಂದರ್ತಾವ,
ತಪ್ಪಿದ ಬಸ್ಸಿನ ಬಾಗಲಿಗಿ ನಿಂತವರಂಗ.
ಬ್ಯಾಗು ಕಟ್ಟತೀನಿ, ಊರಾಗ ಟೆಂಪೋ ಹೊಡೀತೀನಿ,
ದೇವರು ಕರದಾನೋ ಇಲ್ಲೋ ಯಾರು ಕಂಡಾರ ಅಂದ್ರು.
ರೇಡಿಯೋ ಹಚ್ಚಿದ್ರು ಆಚಿಯವರು.

ನಮ್ಮ ಓಣ್ಯಾಗ ಮೆಹಬೂಬಬೀ ಇದ್ಲು.
ಶಾವಿಗಿ ಹೊಸೀತ, ಹಿಟ್ಟಿನ ಬೆರಳಿಲೆ
ಹಲಗಿ ಮ್ಯಾಲ ಬರೀತಿದ್ಲು, ಅಲಿಫ್, ಬೇ.
ಬಲಗೈ ಕಡಿಂದ ಬರೋದು ನನಗ ಆಟ.
ಪುಸ್ತಕ ಎಳಕೊಂಡೆ.
ಬೆರಳಿಟ್ಟೆ. ಆಲೆಫ್. ಬೇತ್.
ಇವರ ಕಣ್ಣು ನನ್ನ ಬೆರಳ ಹಿಂದ ಬಂದ್ವು,
ಕುಂಟತ, ನಿಂದರತ.

“ಬೇತ್ ಅಂದ್ರ ಮನಿ” ಅಂದ್ರು ಇವರು.
ಮ್ಯಾಲ ಒಂದು ಗೆರಿ, ಬಲಕ್ಕ ಒಂದು, ಕೆಳಗ ಒಂದು.
ಎಡಕ್ಕ ಏನೂ ಇಲ್ಲ.
“ಮೂರೇ ಗ್ವಾಡಿ!” ಅಂದೆ,
ಇಬ್ಬರೂ ಪ್ಲೈವುಡ್ಡು ನೋಡಿದಿವಿ.
ನಗಿ ತಡಿಲಿಕ್ಕ ಆಗಲಿಲ್ಲ.
ಆಚಿಯವರು ರೇಡಿಯೋ ಬಂದ್ ಮಾಡಿ
ಕಿವಿ ಕೊಟ್ಟಿರಬೇಕು.

ಈ ಸರ್ತಿ ಹದಿನೇಳು.
ಯಾರು ಕಲಿಸಿದ್ರು ಅಂತ ಕೇಳಿದ್ರಂತ ಸರ್.
ನಮ್ಮ ಮನಿಯವರು ಅಂದೆ, ಅಂದ್ರು ಇವರು,
ದೊಡ್ಡ ಉಡುಗೊರಿ ಕೊಟ್ಟವರಂಗ.
ನನ್ನ ಹೆಸರು ಹೇಳಲಿಲ್ಲೇನು ಅಂತ ಕೇಳಬೇಕಂದೆ.
ಕೇಳಿದೆ ಕೂಡ.
ಉತ್ತರ ಹುಡುಕಾಕತ್ತಿದ್ರು ಇನ್ನ.

ಪ್ಲೈವುಡ್ಡಿನ ಆಚಿ ಕೂಸು ಕೆಮ್ಮಿತು.
ಇಬ್ಬರೂ ಎದ್ದು ಕೂತಿವಿ.