ಒಂದು ಗೇಣು

ನಕ್ಷೆ ದಾವಣಗೆರೆ ಪಾಲಿಕೆಯದು.
ಕಬ್ಬಿಣ ಕೊಟ್ರಬಸಪ್ಪನ ಅಂಗಡಿಯದು, ಅರ್ಧ ಸಾಲ.
ಮಂಡಕ್ಕಿ ಭಟ್ಟಿಯ ಓಣಿಯಲ್ಲಿ
ಹೊಗೆ ಉಗುಳದ ಹೊಸ ಒಲೆ.
ಮೂರು ದಿನವಾಯಿತು,
ಅಕ್ಕಿ ಬೆವರುತ್ತಿದೆ, ಅರಳುತ್ತಿಲ್ಲ.

ಇಂಜಿನಿಯರಮ್ಮ ಥರ್ಮಾಮೀಟರು ನೋಡಿದಳು,
ಸಾಹುಕಾರ ಗಡಿಯಾರ.
ಹಜರತ್‌ಬಿ ಮಾತ್ರ
ಬಾಗಿ ಕಿವಿಗೊಟ್ಟಳು ಉಸುಕಿಗೆ:
"ಇದಿನ್ನೂ ಮಾತಾಡ್ತಿಲ್ಲವ್ವಾ.
ಗಾಳಿಕಿಂಡಿ ಒಂದು ಗೇಣು ಕೆಳಗಿರ್ಲಿ."

ಗೇಣು ಅಂದರೆ ಎಷ್ಟು? ಯಾರ ಗೇಣು?
ನಕ್ಷೆಯ ಮೇಲೆ ಅಂಗೈ ಊರಿದಳು.
ಪಾಲಿಕೆಯ ಮೊಹರಿನ ಪಕ್ಕ
ಮಸಿಯ ಐದು ಬೆರಳು.

ಮರುದಿನ ನಸುಕಿಗೆ
ಚಟಪಟ, ಚಟಪಟ,
ಬಾಣಲೆ ತುಂಬ ಬೆಳ್ಳಗೆ.
ಎದುರು ಮನೆಯ ಹಗ್ಗದ ಮೇಲೆ
ಮಗುವಿನ ಅಂಗಿಯೂ ಬೆಳ್ಳಗೇ ಉಳಿಯಿತು.

ಮೊದಲ ಹಿಡಿಗೆ ಮೂವರೂ ಕೈ ಹಾಕಿದರು.
ಬಿಸಿ ಬಿಸಿ ಎಂದು
ಕೊಡವಿಕೊಂಡರು ಇಬ್ಬರು.