ಒಂದು ಸುತ್ತು

ಮಂಗಳವಾರ, ಬೆಳಗಿನ ಐದು ಹತ್ತು.
ಬಚ್ಚಲ ಅಗುಳಿ ಹಾಕಿ, ಬೋರಲು ಮಾಡಿದ
ಹಳೆ ಸ್ಟೀಲ್ ಬಕೆಟ್ಟಿನ ಮೇಲೆ ಒಂದು ಕಾಲಿಟ್ಟು
ಎರಡು ಬೆರಳಲ್ಲಿ ಅದುಮುತ್ತೇನೆ.
ಸೊನ್ನೆ ಸೊಂಟ ಬಳುಕಿ ಎಂಟಾಗುತ್ತದೆ,
ಒಳಗೆ ಹೋಗಿ ಮತ್ತೆ ಸೊನ್ನೆ.
ಮೊದಲ ಸಲ ಕೈ ನಡುಗಿತ್ತು. ಈಗ
ಟಿಕೆಟ್ ಹರಿದಷ್ಟು ಸಲೀಸು.

ಆರಕ್ಕೆ ಡ್ಯೂಟಿ. ದುರ್ಗ, ಹೊಳಲ್ಕೆರೆ, ಹೊಸದುರ್ಗ.
ಗುಳಿಗೆ ನನಗೆ ಒಗ್ಗಲಿಲ್ಲ:
ನೈಟ್ ಹಾಲ್ಟಿನ ಊರಲ್ಲಿ ಮರೆಯುತ್ತಿದ್ದೆ,
ನೆನಪಾದ ದಿನ ಚರ್ಮದ ಬ್ಯಾಗಿನಲ್ಲಿ
ಚಿಲ್ಲರೆಗೆ ಸಿಕ್ಕಿ ಪುಡಿಯಾಗಿರುತ್ತಿತ್ತು.

‘ಹಂಗಾದ್ರೆ ಇದು ತಿಂಗಳ ಪಾಸು’ ಅಂದೆ.
ಬಿಪಿ ಪಟ್ಟಿ ಬಿಚ್ಚುತ್ತಾ ನಕ್ಕರು ಡಾಕ್ಟರು:
ಇಪ್ಪತ್ತೊಂದು ದಿನ ಚಾಲ್ತಿ, ಏಳು ದಿನ ರಜೆ,
ಜಾರಿ ಬಿದ್ದರೆ ತೊಳೆದು
ಮೂರು ತಾಸಿನೊಳಗೆ ವಾಪಸ್ಸು.

ಬಸ್ಸು ಹೊರಳುವಾಗ ಕಿಟಕಿ ತುಂಬ ಕೋಟೆ.
ಏಳು ಸುತ್ತು ಕಟ್ಟಿಕೊಂಡ ಊರು.
ನನ್ನದು ಒಂದೇ ಸುತ್ತು, ಮೆತ್ತಗಿನದು.
ಕಾವಲಿಗೆ ಯಾರೂ ಬೇಕಿಲ್ಲ.

ತಿಪ್ಪೇಶಿಗೆ ಒಂದು ರಾತ್ರಿ ತಾಕಿತು.
‘ಏನೋ ಐತೆ’ ಅಂದ. ಹೇಳಿದೆ.
ಸ್ವಲ್ಪ ಹೊತ್ತು ತಿರುಗುವ ಫ್ಯಾನು ನೋಡಿದ.
‘ನೋಯಲ್ವಾ?’
‘ನಂಗಿಲ್ಲ. ನಿಂಗೆ?’
ಅಷ್ಟೇ ಮಾತು.

ಮುಂದಿನ ತಿಂಗಳದ್ದು ಫ್ರಿಜ್ಜಿನಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ.
ಏಪ್ರಿಲ್ಲಿನ ದುರ್ಗ ನೋಡಿ,
ಕಲ್ಲು ನಡುರಾತ್ರಿಯೂ ಕಾವು ಉಗುಳುತ್ತದೆ.
ಮೊಸರಿಗೆಂದು ಹೋದ ಅತ್ತೆಯ ಕೈಗೆ ಅದೇ ಸಿಕ್ಕಿತು.
ಪೊಟ್ಟಣದ ಮೇಲೆ ಬೆರಳಾಡಿಸಿ
ಒಳಗಿನ ದುಂಡನ್ನು ಮುಟ್ಟಿ ಮುಟ್ಟಿ ನೋಡಿದರು.
‘ಏನಿದು ಪಾಲಮ್ಮ,
ನಮ್ ಪುಟ್ಟಿ ತೊಟ್ಲಾಗಿದ್ದಾಗಿನ ಬಳೆ ಇದ್ದಂಗೈತೆ.’

ಸುಳ್ಳು ಹೇಳಲು ಬಾಯಿ ತೆರೆದೆ.
ನಿಜವೇ ಬಂತು.

ಅವರದು ತೊಂಬತ್ತೆರಡರ ಕ್ಯಾಂಪು.
ಶಾಲೆಯ ಕೋಣೆ, ಗೋಡೆಯ ಮೇಲೆ ಮಗ್ಗಿ,
ಚಾಪೆಯ ಮೇಲೆ ಸಾಲಾಗಿ ಹದಿನೆಂಟು ಹೆಂಗಸರು.
ಬರೆಸಿದ್ದು ಮಾವ, ಹೆಬ್ಬೆಟ್ಟು ಇವರದು.
ಮರುದಿನ ಗಾಡಿಯಲ್ಲಿ ವಾಪಸ್ಸು,
ತೊಡೆಯ ಮೇಲೆ ಒಂದು ಸ್ಟೀಲ್ ಬಕೆಟ್ಟು.

ಫ್ರಿಜ್ಜಿನ ಬಾಗಿಲು ಬಹಳ ಹೊತ್ತು ತೆರೆದೇ ಇತ್ತು.
‘ಬ್ಯಾಡ ಅಂದಾಗ ತಗೀಬೋದೇನು?’
ಹೂಂ ಅಂದೆ.
‘ಯಾರ್ನೂ ಕೇಳದಂಗೆ?’
ಹೂಂ.

ಪೊಟ್ಟಣವನ್ನು ಇದ್ದಲ್ಲೇ ಇಟ್ಟು,
ಮಾವನ ಕಣ್ಣಿಗೆ ಬೀಳದ ಹಾಗೆ
ಕೊತ್ತಂಬರಿ ಕಟ್ಟು ಅಡ್ಡ ಸರಿಸಿ,
ಮೊಸರು ಮರೆತೇ ಹೋದರು ಅತ್ತೆ.